ರವದಿ ಸುಡದ ಹೊಲ

ನೀವು ಇಚಲಕರಂಜಿಯಲ್ಲಿ ಮಗ್ಗಗಳ ಸದ್ದಿನ ನಡುವೆ ಬೆಳೆದ ಮಕ್ಕಳು. ನಮ್ಮ ಕಡೆ ಹೊಲಕ್ಕೆ ಯಾಕೆ ಬೆಂಕಿ ಹಚ್ಚುತ್ತಾರೆ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ಕಬ್ಬು ಕಡಿಯುವ ಟೋಳಿಯವರು ಹೋದ ಮೇಲೆ ಹೊಲದ ತುಂಬ ಒಣಗಿದ ಸೋಗೆ ಬಿದ್ದಿರುತ್ತದೆ. ಅದಕ್ಕೆ ನಾವು ರವದಿ ಅನ್ನುತ್ತೇವೆ. ಗಡಹಿಂಗ್ಲಜ ಕಡೆ ಊರೂರಲ್ಲೂ ಮರುದಿನವೇ ಅದಕ್ಕೆ ಕಡ್ಡಿ ಗೀರುತ್ತಾರೆ. ಸುಟ್ಟರೆ ಹೊಲ ಸ್ವಚ್ಛ, ನೀರು ಹಾಯಿಸುವುದು ಸಲೀಸು. ನಿಮ್ಮ ಅಜ್ಜನೂ ಹಾಗೇ ಮಾಡುತ್ತಿದ್ದರು. ನೀರನ್ನೂ ಒಡ್ಡು ಮೀರುವ ತನಕ ಬಿಡುತ್ತಿದ್ದರು. ಸುಟ್ಟೂ ಸುಟ್ಟೂ, ನೀರು ನಿಂತೂ ನಿಂತೂ, ನೇಸರಿ ರಸ್ತೆಯ ನಮ್ಮ ಹೊಲದ ತಗ್ಗಿನ ಭಾಗ ಸವಳಾಯಿತು. ಬೇಸಿಗೆಯಲ್ಲಿ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗೆ ಕಾಣುತ್ತಿತ್ತು.

ಅವರು ತೀರಿಕೊಂಡ ವರ್ಷ ಹೊಲದ ಕಡೆ ಯಾರೂ ನೋಡಲಿಲ್ಲ. ನಾನೊಬ್ಬಳೇ ಹೋಗಿ ರವದಿಯನ್ನು ಸಾಲುಗಳ ನಡುವೆ ಹಾಸಿದೆ. ಉತ್ತೂರಿನ ನನ್ನ ತವರಿನಲ್ಲಿ ಅವ್ವ ಅರಿಸಿನದ ಮಡಿಗಳಿಗೆ ತರಗೆಲೆ ಹಾಸುತ್ತಿದ್ದಳು. ಅದರ ಕೆಳಗೆ ಕೈ ಹಾಕಿದರೆ ಬಿಸಿಲುಗಾಲದಲ್ಲೂ ಮಣ್ಣು ತಣ್ಣಗಿರುತ್ತಿತ್ತು. ನನಗೆ ಗೊತ್ತಿದ್ದ ವಿದ್ಯೆ ಅಷ್ಟೇ. ಆದರೆ ಕಬ್ಬಿನ ರವದಿ ಕೊಳೆಯುವಾಗ ಮೊದಲು ಮಣ್ಣಿನ ಸತ್ವವನ್ನೇ ತಿನ್ನುತ್ತದೆ. ಅದರ ಮೇಲೆ ಸಗಣಿ ರಾಡಿ ಹೊಯ್ಯಬೇಕಿತ್ತು, ನಾನು ಹೊಯ್ಯಲಿಲ್ಲ. ಕಬ್ಬೆಲ್ಲ ಹಳದಿಯಾಯಿತು.

ಪಕ್ಕದ ಹೊಲ ನನ್ನ ಮೈದುನನದು. ಒಡ್ಡಿನ ಮೇಲೆ ನಿಂತು ನಕ್ಕ. “ವೈನಿ, ಕಬ್ಬಿಗೆ ಅರಿಸಿನಾ ಹಚ್ಚೀರಲ್ಲ, ಲಗ್ನ ಯಾವಾಗರೀ?”

ಆಮೇಲೆ ನಗು ಬಿಟ್ಟು ಹೇಳಿದ. “ಬರೂ ಸುಗ್ಗಿಗೆ ಎಲ್ಲಾ ಸುಟ್ಟು ಹಸನ ಮಾಡಿ ನಾನೇ ಹೊಲಾ ಮಾಡ್ತೀನಿ. ನೀವು ಮನ್ಯಾಗ ಆರಾಮ ಕುಂದರ್ರಿ.”

ಗಂಡಸರ ಮುಂದೆ ನಾನು ತಲೆ ಎತ್ತಿ ಮಾತಾಡಿದವಳಲ್ಲ. ಸುಮ್ಮನಿದ್ದೆ. ಅದನ್ನೇ ಅವನು ಒಪ್ಪಿಗೆ ಎಂದುಕೊಂಡ. ಒಮ್ಮೆ ಅವನ ಟ್ರ್ಯಾಕ್ಟರ್ ಒಳಗೆ ಬಂದರೆ ಹೊಲ ಮತ್ತೆ ನನ್ನ ಕೈಗೆ ಸಿಗುವುದಿಲ್ಲ ಎಂಬುದು ನನಗೆ ತಿಳಿದಿತ್ತು.

ಮುಂದಿನ ಸುಗ್ಗಿಯಲ್ಲಿ ಟೋಳಿ ಹೋದ ಮರುದಿನ ಬೆಳಿಗ್ಗೆಯೇ ಮೋಟಾರು ಚಾಲು ಮಾಡಿ ನಡುವಿನ ಒಡ್ಡಿನ ಗುಂಟ ನೀರು ಬಿಟ್ಟೆ. ಅವನ ಬೆಂಕಿ ಈಚೆ ಹಾರಬಾರದಲ್ಲ. ಆಮೇಲೆ ರವದಿಯ ನಟ್ಟನಡುವೆ ಹೋಗಿ ಕುಳಿತೆ. ಮೈದುನ ಕಡ್ಡಿಪೆಟ್ಟಿಗೆ ಹಿಡಿದು ಬಂದ. ಜೊತೆಗೆ ಆಚೆ ಹೊಲದ ಮುದುಕನೂ ಇದ್ದ.

“ಏಳ್ರಿ ವೈನಿ, ಗಾಳಿ ಬೀಸೂದ್ರೊಳಗ ಹಚ್ಚಬೇಕು.”

“ಹಚ್ಚಬ್ಯಾಡ.”

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಮುದುಕ ಕಿಸಕ್ಕನೆ ನಕ್ಕ. “ಗಂಡ ಹೋದಾಗ ಸುಮ್ಮ ಇದ್ದಾಕಿ ಈಗ ಸತಿ ಹೋಗಾಕ ಕುಂತಾಳ ನೋಡೋ!”

ನನಗೆ ಮೈ ಉರಿಯಿತು. “ಹೌದ್ರಿ ಕಾಕಾ. ಹೊಲದ ಜೋಡಿ ನನಗೂ ಹಚ್ಚಾಕ ಹೇಳ್ರಿ. ನಾ ಏಳಂಗಿಲ್ಲ.”

“ಹುಚ್ಚ ಹಿಡಿದೈತೇನ್ರಿ ನಿಮಗ?” ಮೈದುನನ ದನಿ ಏರಿತು. “ಹ್ವಾದ ವರ್ಷ ಒಪ್ಪಿದ್ರಿ!”

“ಯಾವಾಗ ಒಪ್ಪಿದ್ನೋ? ಬಾಯಿ ತೆರೆದಿಲ್ಲ ನಾನು. ಈಗ ತೆರೆದೀನಿ, ಕೇಳು. ಹೊಲಾ ನಾನೇ ಮಾಡಾಕಿ. ಕಡ್ಡಿ ಗೀರೂದಿದ್ರ ನಿನ್ನ ಹೊಲದಾಗ ಗೀರು.”

 ಅವನು ಬೈಯುತ್ತ ಒಡ್ಡು ದಾಟಿ ಹೋಗಿ ತನ್ನ ರವದಿಗೆ ಬೆಂಕಿ ಇಟ್ಟ. ಬಿಸಿಗೆ ಮುಖ ಸುಟ್ಟಂತಾಯಿತು, ತಲೆಯ ಮೇಲೆಲ್ಲ ಕರಿ ಬೂದಿ. ಹಾರಿ ಬಂದ ಕಿಡಿಗಳನ್ನು ಹಸಿ ಗೋಣಿಚೀಲದಿಂದ ಬಡಿದು ಆರಿಸಿದೆ. ಅಂಜಿಕೆ ಇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಆ ಸಲ ಎರಡು ಎಮ್ಮೆಗಳ ಸಗಣಿಯನ್ನು ಕದಡಿ ರವದಿಯ ಮೇಲೆ ಹೊಯ್ದೆ. ತಗ್ಗಿನಲ್ಲಿ ಬಸಿಗಾಲುವೆ ತೋಡಿಸಿ ನಿಂತ ನೀರಿಗೆ ದಾರಿ ಮಾಡಿದೆ. ಒಡ್ಡಿನ ಮೇಲೆ ಗೊಬ್ಬರದ ಗಿಡ, ನುಗ್ಗೆ, ತೊಗರಿ ಹಾಕಿದೆ. ಗೊಬ್ಬರದ ಗಿಡದ ಸೊಪ್ಪು ಕತ್ತರಿಸಿ ಅಲ್ಲೇ ಹಾಸುತ್ತೇನೆ. ಕಬ್ಬಿನ ಸಾಲುಗಳ ನಡುವೆ ಅಲಸಂದೆ ಬಿತ್ತುತ್ತೇನೆ. ನೀರನ್ನು ಮಾತ್ರ ಮಣ್ಣು ಕೇಳಿದಷ್ಟೇ ಕೊಡುತ್ತೇನೆ. ಈಗ ರವದಿ ಸರಿಸಿದರೆ ಎರೆಹುಳು ಕಾಣುತ್ತವೆ. ಓಣಿಯ ಹೆಂಗಸರು ಗೊಬ್ಬರದ ಗಿಡದ ಟೊಂಗೆ ಒಯ್ದು ತಮ್ಮ ಒಡ್ಡುಗಳಲ್ಲಿ ನೆಟ್ಟಿದ್ದಾರೆ. ಅವರಲ್ಲಿ ಇಬ್ಬರು ಈ ಸುಗ್ಗಿಯಲ್ಲಿ ಮನೆಯವರೊಡನೆ ಜಗಳಾಡಿ ರವದಿ ಉಳಿಸಿಕೊಂಡರು. ಗಾಳಿ ಬೀಸುವಾಗ ಒಬ್ಬರ ಒಡ್ಡನ್ನು ಇನ್ನೊಬ್ಬರು ಕಾಯುತ್ತೇವೆ.

ಎಲ್ಲ ಗೆದ್ದೆ ಎಂದು ತಿಳಿಯಬೇಡಿ. ತಗ್ಗಿನ ಒಂದು ಮೂಲೆ ಇನ್ನೂ ಬೆಳ್ಳಗಿದೆ, ಅಲ್ಲಿ ಹುಲ್ಲೂ ಸರಿಯಾಗಿ ಏಳುವುದಿಲ್ಲ. ಮೈದುನ ಹೋಗುವಾಗ ಬರುವಾಗ ಅದನ್ನೇ ತೋರಿಸುತ್ತಾನೆ.

“ಆ ಮೂಲಿ ಏನ್ ಮಾಡ್ತೀರಿ ವೈನಿ? ನಿಮ್ಮ ಕೈಲಿ ಆಗಂಗಿಲ್ಲ ಅದು. ಬಿಟ್ಟುಕೊಡ್ರಿ.”

“ಆಗದಿದ್ರ ಇರಲಿ,” ಅನ್ನುತ್ತೇನೆ. “ಬೆಳ್ಳಗಿದ್ದರೂ ಅದು ನನ್ನ ಮೂಲಿ.”