ಅಟಲೋಮಳ ಕಾರಿನ ಟಿಕ್ ಟಿಕ್

ನಮ್ಮ ದ್ವೀಪದ ಮುತಲಾವು ಊರಲ್ಲಿ ಮೆಕ್ಯಾನಿಕ್ ಟೋಫುವಾನ ಕೈಗೆ ಬಗ್ಗದ ಇಂಜಿನ್ನೇ ಇರಲಿಲ್ಲ. ಪಾದ್ರಿಗಳ ಲಾರಿ ಚರ್ಚಿನ ತಿರುವಿಗೆ ಬರುತ್ತಿದ್ದ ಹಾಗೇ, ತಲೆ ಎತ್ತಿ ನೋಡದೆ, "ವಾಟರ್ ಪಂಪಿನ ಬೇರಿಂಗು ಹೋಯ್ತು" ಅನ್ನುತ್ತಿದ್ದ ಆಸಾಮಿ. ಅಂಥವನು ಸ್ವಂತ ಹೆಂಡತಿಯ ಕಾರಿನಲ್ಲಿ ಟಿಕ್ ಟಿಕ್ ಎಲ್ಲಿಂದ ಬರುತ್ತಿದೆ ಅಂತ ತಿಳಿಯದೆ ಒಂದು ತಿಂಗಳಿಂದ ಬಾನೆಟ್ ಎತ್ತಿಟ್ಟುಕೊಂಡು ಕೂತಿದ್ದಾನೆ ಅಂದರೆ ಜನ ನಗದೆ ಇರುತ್ತಾರೆಯೇ? ನಕ್ಕರು. ನಗಲಿ ಬಿಡಿ, ಇಲ್ಲಿ ನಗೋದಕ್ಕೆ ಉಳಿದಿರುವವರೇ ಎಷ್ಟು ಜನ! ಅರ್ಧಕ್ಕರ್ಧ ಮನೆಗಳಿಗೆ ಬೀಗ ಬಿದ್ದಿದೆ, ಮನೆಯವರೆಲ್ಲ ಸಮುದ್ರದಾಚೆ ಆಕ್ಲೆಂಡಿನಲ್ಲಿದ್ದಾರೆ.

ಪಕ್ಕದ ಮನೆಯ ಪಿಹಿಗಿಯಾ ದಿನಾ ಬೇಲಿ ಹತ್ತಿರ ಬಂದು ಕೆಣಕುತ್ತಿದ್ದ. "ಏನ್ ಡಾಕ್ಟ್ರೇ, ಪೇಷೆಂಟು ಇನ್ನೂ ಎದ್ದಿಲ್ವಾ? ನಮ್ಮಜ್ಜೀನ ಕಳಿಸ್ಲಾ? ಅವಳಿಗೆ ಎರಡು ಕಿವೀನೂ ಕೇಳ್ಸಲ್ಲ, ಆದ್ರೂ ನಿನಗಿಂತ ವಾಸಿ."

"ಕಳ್ಸು. ಬರುವಾಗ ಊಟಕ್ಕೆ ಒಂದು ಏಡಿ ಹಿಡ್ಕೊಂಡು ಬರೋಕೆ ಹೇಳು," ಅಂದು ಟೋಫುವಾ ಮತ್ತೆ ಇಂಜಿನ್ನಿನೊಳಗೆ ತಲೆ ಹಾಕುತ್ತಿದ್ದ.

ನಿಜ ಏನಪ್ಪಾ ಅಂದರೆ, ಅವನಿಗೆ ಮೊದಲ ದಿನವೇ ಗೊತ್ತಾಗಿತ್ತು. ಇಂಜಿನ್ ಓಡುತ್ತಿರುವಾಗಲೇ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಿದ್ದ. ಮೊದಲನೆಯದು ಕಿತ್ತಾಗ ಇಂಜಿನ್ನು ತತ್ತರಿಸಿತು, ಎರಡನೆಯದಕ್ಕೂ ತತ್ತರಿಸಿತು. ಮೂರನೆಯದನ್ನು ಕಿತ್ತರೆ ಇಂಜಿನ್ನಿಗೆ ಪರಿವೆಯೇ ಇಲ್ಲ. ಅಂದರೆ ಆ ಸಿಲಿಂಡರು ಮೊದಲೇ ಸತ್ತು ಕೂತಿದೆ, ಮಿಸ್ ಹೊಡೆಯುತ್ತಿರುವುದು ಅದೇ. ಬಗ್ಗಿ ನೋಡಿದರೆ ಮೂರನೇ ಪ್ಲಗ್ಗಿನ ಬುಡದಲ್ಲಿ ಸುತ್ತಲೂ ಮಸಿ. ಪ್ಲಗ್ಗು ಸಡಿಲವಾಗಿ ಸಂದಿನಿಂದ ಗಾಳಿ ಹೊರಕ್ಕೆ ನುಗ್ಗುತ್ತಿತ್ತು, ಟಿಕ್ ಟಿಕ್ ಅನ್ನುತ್ತಿದ್ದದ್ದು ಅದು. ಸ್ಪ್ಯಾನರ್ ಹಾಕಿ ಒಂದು ಸಲ ತಿರುಗಿಸಿದರೆ ಮುಗಿಯುವ ಕೆಲಸ. ಅವನು ಸ್ಪ್ಯಾನರನ್ನು ಕೈಗೆ ತೆಗೆದುಕೊಂಡ, ಹಾಗೇ ಕೆಳಗಿಟ್ಟ.

ಯಾಕೆ ಅಂತೀರಾ? ಅದಕ್ಕೆ ಅಟಲೋಮಳ ಕತೆ ಹೇಳಬೇಕು.

ಅವನ ಹೆಂಡತಿ ಅಟಲೋಮ ಚೆಕಪ್ಪಿಗೆ ಅಂತ ಒಂದು ಸಣ್ಣ ಚೀಲ ಹಿಡಿದು ಆಕ್ಲೆಂಡಿನ ಪ್ಲೇನು ಹತ್ತಿದವಳು, ಎರಡು ಕ್ರಿಸ್‌ಮಸ್ ಕಳೆದರೂ ವಾಪಸ್ಸು ಬಂದಿರಲಿಲ್ಲ. ಕಿಡ್ನಿ ಎರಡೂ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಮಷಿನ್ನಿಗೆ ಮೈಕೊಟ್ಟು ರಕ್ತ ತೊಳೆಸಿಕೊಳ್ಳಬೇಕು. ನಮ್ಮ ದ್ವೀಪದಲ್ಲಿ ಆ ಮಷಿನ್ನು ಎಲ್ಲಿಂದ ಬರಬೇಕು? ಟೋಫುವಾನೂ ಹೋಗಿ ಒಂದು ಚಳಿಗಾಲ ಅವಳ ಜೊತೆಗಿದ್ದ. ಕೆಲಸವಿಲ್ಲ, ಮೀನು ಹಿಡಿಯೋದಿಲ್ಲ, ಬೆಳಗಿನಿಂದ ಸಂಜೆವರೆಗೆ ಕಿಟಕಿ ಒಂದೇ. ಕೊನೆಗೆ ಅವಳೇ ಬೈದು ಕಳಿಸಿದಳು: "ನಿನ್ನ ಈ ಮುಖ ನೋಡೋದಕ್ಕಿಂತ ಮಷಿನ್ ನೋಡೋದೇ ವಾಸಿ. ಹೋಗು, ನಮ್ಮನೆ ಬಾಗಿಲು ತೆಗೆದಿರ್ಲಿ. ನಮ್ಮನೆಗೂ ಬೀಗ ಬಿತ್ತು ಅಂತ ನನ್ನ ಕಿವಿಗೆ ಬೀಳ್ಬಾರದು."

ಅವನು ಬಾಗಿಲು ತೆಗೆದಿಟ್ಟ. ಪ್ಲೇನು ಬಂದಾಗೆಲ್ಲ ಐಸ್ ಡಬ್ಬಿಯಲ್ಲಿ ಕೆಸುವಿನ ಗೆಡ್ಡೆ, ತೆಂಗಿನ ಮರ ಹತ್ತುವ ದೊಡ್ಡ ಏಡಿ ತುಂಬಿ ಕಳಿಸಿದ. ಕಿಡ್ನಿ ಕೆಟ್ಟ ಮೇಲೆ ಕೆಸುವಿನ ಗೆಡ್ಡೆ ಅವಳಿಗೆ ನಿಷಿದ್ಧ. ಡಬ್ಬಿ ತೆಗೆದು ಮೂಸಿ, ಗೆಡ್ಡೆಗೆ ಅಂಟಿದ ಮಣ್ಣನ್ನು ಬೆರಳಿನಿಂದ ಸವರಿ, ಬೇರೆಯವರಿಗೆ ಹಂಚುತ್ತಿದ್ದಳಂತೆ. ಅದನ್ನು ಕೇಳಿದ ಮೇಲೆ ಅವನು ಗೆಡ್ಡೆಗಳನ್ನು ತೊಳೆಯುವುದನ್ನೇ ಬಿಟ್ಟ.

ಅವಳಿಲ್ಲದೆ ಅವನ ಕೈಗೆ ಕೆಲಸವೂ ಹತ್ತುತ್ತಿರಲಿಲ್ಲ. ಮೊದಲೆಲ್ಲ ಶೆಡ್ಡಿನಲ್ಲಿ ಬಕೆಟ್ ಬೋರಲು ಹಾಕಿಕೊಂಡು ಪಕ್ಕದಲ್ಲಿ ಕೂರುತ್ತಿದ್ದಳು. ರಬ್ಬರ್ ಪೈಪಿನ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಅವಳ ಕಿವಿಗೆ. "ಇಲ್ಲಲ್ಲ, ಇನ್ನೂ ಎಡಕ್ಕೆ. ಹಾಂ, ಇಲ್ಲೇ ನೋಡು." ಊರು ಹೊಗಳುತ್ತಿದ್ದದ್ದು ಟೋಫುವಾನನ್ನು, ಆದರೆ ಅರ್ಧ ಕಿವಿ ಅವಳದೇ. ಆ ಬಕೆಟ್ಟು ಈಗಲೂ ಬೋರಲೇ ಇದೆ, ಅದರ ಮೇಲೆ ಯಾರನ್ನೂ ಕೂರಲು ಬಿಡುವುದಿಲ್ಲ ಪುಣ್ಯಾತ್ಮ.

ತಿಂಗಳ ಹಿಂದೆ ಅವಳು ಫೋನ್ ಮಾಡಿ ಅಂದಳು, "ಸಾಕಾಯ್ತು ಕಣೋ, ಮನೆಗೆ ಬರ್ತೀನಿ. ಡಾಕ್ಟರಿಗೂ ಹೇಳಿದ್ದಾಯ್ತು. ಮಷಿನ್ ಇಲ್ದೆ ಎಷ್ಟು ದಿನವೋ ಅಷ್ಟು ದಿನ. ನನ್ನ ಕಾರು ರೆಡಿ ಮಾಡಿಟ್ಟಿರು, ನಿನ್ನ ಮೀನುನಾತದ ಲಾರೀಲಿ ನಾನು ಮನೆಗೆ ಬರೋಳಲ್ಲ."

ಎಷ್ಟು ದಿನವೋ ಅಂದರೆ ಎಷ್ಟು ಅಂತ ಅವನಿಗೂ ಗೊತ್ತಿತ್ತು. ಎರಡು ಭಾನುವಾರ ಕಂಡರೆ ಹೆಚ್ಚು. ಅವಳಿಗಾಗಿ ಹಗಲೂ ರಾತ್ರಿ ಹಂಬಲಿಸುತ್ತಿದ್ದವನು ಬರಬೇಡ ಅಂತ ಯಾವ ಬಾಯಲ್ಲಿ ಹೇಳಿಯಾನು? ಬಾ ಅಂತ ತಾನೇ ಹೇಗೆ ಹೇಳಿಯಾನು? "ಕಾರು ಸರಿ ಇಲ್ಲ ಕಣೆ, ಟಿಕ್ ಟಿಕ್ ಅಂತಿದೆ, ಮಿಸ್ ಹೊಡೀತಿದೆ," ಅಂದುಬಿಟ್ಟ. ಸುಳ್ಳೇನಲ್ಲವಲ್ಲ! ಆಮೇಲೆ ಪ್ರತಿ ಸಲ ಅವಳು ಕೇಳಿದಾಗಲೂ ಅದೇ ಉತ್ತರ: ಇನ್ನೂ ಸಿಕ್ಕಿಲ್ಲ, ಹುಡುಕ್ತಾ ಇದೀನಿ.

ಕಳೆದ ಭಾನುವಾರ ಮಧ್ಯಾಹ್ನ ಊರೆಲ್ಲ ಚರ್ಚು ಮುಗಿಸಿ ಉಂಡು ಮಲಗಿತ್ತು. ಅಟಲೋಮ ಫೋನ್ ಮಾಡಿದಳು.

"ಕಾರ್ ಸ್ಟಾರ್ಟ್ ಮಾಡು. ನಾನೇ ಕೇಳ್ತೀನಿ."

"ಭಾನುವಾರ ಕಣೆ ಇವತ್ತು, ಕೆಲಸ ಮುಟ್ಟೋ ಹಾಗಿಲ್ಲ! ಪಾದ್ರಿಗಳು ಚರ್ಮ ಸುಲೀತಾರೆ."

"ಭಾನುವಾರ ನಿನಗೆ. ನನಗಿಲ್ಲಿ ಸೋಮವಾರ, ಆಕ್ಲೆಂಡು ನಮ್ಮೂರಿಗಿಂತ ಒಂದು ದಿನ ಮುಂದಲ್ವಾ, ಮಷಿನ್ ಹಾಕಿಸ್ಕೊಂಡು ಮಲಗಿದೀನಿ. ಕೆಲಸ ಹೇಳ್ತಿರೋಳು ನಾನು, ಪಾಪ ನಿನಗೆ ಹತ್ತಲ್ಲ. ಹೂಂ, ಮಾಡು!"

ಸ್ಟಾರ್ಟ್ ಮಾಡಿದ. ಫೋನನ್ನು ಇಂಜಿನ್ನಿನ ಹತ್ತಿರ ಹಿಡಿದ, ಬೇಕೆಂದೇ ಮೂರನೇ ಪ್ಲಗ್ಗಿನಿಂದ ದೂರ.

"ಕಳ್ಳ, ಇನ್ನೂ ಎಡಕ್ಕೆ ಹಿಡಿ," ಅಂದಳು ಅವಳು. ಹಿಡಿದ. "ಇದು ವಾಲ್ವ್ ಅಲ್ಲ. ವಾಲ್ವ್ ಆಗಿದ್ರೆ ಸದ್ದು ಒಣಗಿರ್ತಿತ್ತು. ಇದರ ಹಿಂದೆ ಗಾಳಿ ಇದೆ. ಪ್ಲಗ್ಗು ಸಡಿಲ ಆಗಿದೆ ಅಷ್ಟೇ, ಅಲ್ವಾ?"

ಟೋಫುವಾ ಕೆಳಗಿಟ್ಟಿದ್ದ ಸ್ಪ್ಯಾನರನ್ನು ಎತ್ತಿಕೊಂಡ.

"ಇದನ್ನ ಹುಡುಕೋಕೆ ನಿನಗೆ ಒಂದು ತಿಂಗಳು ಬೇಕಾಯ್ತಾ, ಮುದುಕಪ್ಪ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಬಿಗಿ ಮಾಡು. ನನಗೆ ಕೇಳಿಸ್ಬೇಕು."

ಬೇಲಿಯಾಚೆ ಪಿಹಿಗಿಯಾ, ಅವನ ಹೆಂಡತಿ, ಕಿವಿ ಕೇಳದ ಅಜ್ಜಿ ಎಲ್ಲ ಎದ್ದು ಬಂದು ನಿಂತಿದ್ದರು. ಭಾನುವಾರ ಇಂಜಿನ್ ಸದ್ದು ಅಂದರೆ ಸಾಮಾನ್ಯವೇ? ಅವರೆಲ್ಲರ ಎದುರಿಗೆ ಟೋಫುವಾ ಇಂಜಿನ್ ನಿಲ್ಲಿಸಿದ. ಸ್ಪ್ಯಾನರ್ ಹಾಕಿ ಪ್ಲಗ್ಗು ಬಿಗಿಮಾಡಿದ, ಕೈ ಚುರ್ ಅಂದರೂ ಬಿಡಲಿಲ್ಲ. ವೈರು ಸಿಕ್ಕಿಸಿ ಮತ್ತೆ ಸ್ಟಾರ್ಟ್ ಮಾಡಿದ. ಟಿಕ್ ಟಿಕ್ ಇಲ್ಲ, ಮಿಸ್ಸಿಂಗ್ ಇಲ್ಲ. ಇಂಜಿನ್ನು ಹೊಸದರಂತೆ ನುಣ್ಣಗೆ ಓಡಿತು.

"ಆಹಾ," ಅಂದಳು ಅಟಲೋಮ.

"ಈಗ ನಿನ್ನ ಮಷಿನ್ ಕೇಳಿಸು," ಅಂದ ಅವನು.

"ಅದರಲ್ಲೇನಿದೆ ಕೇಳೋಕೆ?"

"ಕೇಳಿಸೇ."

ಅವಳು ಫೋನನ್ನು ಮಷಿನ್ನಿಗೆ ಹಿಡಿದಳು. ಟೋಫುವಾ ಕಾರಿನಿಂದ ದೂರ ಬಂದು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಇನ್ನೊಂದು ಕಿವಿ ಮುಚ್ಚಿಕೊಂಡು ಕೇಳಿದ. ಸಣ್ಣ ಪಂಪೊಂದು ತಿರುಗುತ್ತಿತ್ತು, ಒಂದೇ ಸಮನೆ, ಎಲ್ಲೂ ತಪ್ಪದೆ. ಅದರೊಳಗೆ ಓಡುತ್ತಿರುವುದು ಅವಳ ರಕ್ತ ಅಂತ ನೆನಪಾಗಿ ಅವನಿಗೆ ತಡೆದುಕೊಳ್ಳಲಾಗಲಿಲ್ಲ.

"ಒಂದು ಸಲಾನೂ ಮಿಸ್ ಹೊಡೀತಿಲ್ಲ ಕಣೆ," ಅಂತ ಜನರೆದುರೇ ಅತ್ತುಬಿಟ್ಟ. "ಇಷ್ಟು ಚೆನ್ನಾಗಿ ಓಡ್ತಿರೋದನ್ನ ನಾನು ಹೆಂಗೆ ಆಫ್ ಮಾಡ್ಲಿ?"

"ಆಫ್ ಮಾಡೋಳು ನಾನು. ನಿನಗೆ ಹೇಳಿದ್ದು ಏರ್‌ಪೋರ್ಟಿಗೆ ಬಾ ಅಂತ, ಅಷ್ಟೇ."

ಕಾರಿನ ಇಂಜಿನ್ನು ಓಡುತ್ತಲೇ ಇತ್ತು. ಟೋಫುವಾ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

"ಯಾವ ಪ್ಲೇನಿಗೆ?"

"ಶುಕ್ರವಾರದ್ದು. ಇಲ್ಲಿ ಶುಕ್ರವಾರ ಹತ್ತಿದ್ರೆ ಅಲ್ಲಿ ಗುರುವಾರ ಇಳೀತೀನಿ. ಒಂದು ದಿನ ಹೆಚ್ಚಿಗೆ ಸಿಗುತ್ತೆ ನೋಡು ನಮಗೆ."

"ಹೂಂ," ಅಂದ. ಆಮೇಲೆ ಎದ್ದು, ಆ ಬಕೆಟ್ಟನ್ನು ನೆಟ್ಟಗೆ ಮಾಡಿ, ನೀರು ತುಂಬಿಕೊಂಡು ಬಂದು, ಭಾನುವಾರ ಅನ್ನುವುದನ್ನೂ ನೋಡದೆ ಅವಳ ಕಾರು ತೊಳೆಯಲು ಕೂತ. ಪಿಹಿಗಿಯಾ ಬೇಲಿ ದಾಟಿ ಬಂದು ಇನ್ನೊಂದು ಬಟ್ಟೆ ತೆಗೆದುಕೊಂಡ.