ಹಸಿ ತಡಸಲಿನ ಬಿಲ್ಲು

ಆಗೆಲ್ಲ ತಾಳ್ಯದ ಕಡೆಯ ನಮ್ಮೂರಲ್ಲಿ ಅಣ್ಣತಮ್ಮಂದಿರು ಭಾಗವಾದರೆ ಕುರಿ, ಒನಕೆ, ಪಾತ್ರೆ ಎಲ್ಲವೂ ಅರ್ಧರ್ಧ. ಅಪ್ಪ, ದೊಡ್ಡಪ್ಪ ಎಮ್ಮೆ ಕಟ್ಟುವ ಹಗ್ಗಕ್ಕೂ ಕಿತ್ತಾಡಿದರು. ಮರ ಕೆತ್ತುವ ಬಾಚಿ, ಉಳಿ ದೊಡ್ಡಪ್ಪನ ಪಾಲಾದವು, ಅಡುಗೆಮನೆ ನಮಗೆ ಬಂತು. ಅಲ್ಲಿ ಅಟ್ಟದ ಮೇಲೆ, ಹುರುಳಿಕಟ್ಟಿನ ಹಬೆ, ಒಲೆಯ ಹೊಗೆ ಕುಡಿಯುತ್ತಾ ಆಳುದ್ದದ ತಡಸಲು ಮರದ ಸೀಳೊಂದು ಒಣಗುತ್ತಿತ್ತು. ಅದು ಯಾರದೆಂದು ಪಂಚರೂ ಹೇಳಲಿಲ್ಲ.

ದೊಡ್ಡಪ್ಪ ಬಿಲ್ಲು ಮಾಡುವವನು. ಯುಗಾದಿಯ ಮಾರನೇ ದಿನ ಊರದೇವರ ಮುಂದೆ ಮೊದಲ ಬಾಣ ಬಿಡುವ ಬಿಲ್ಲು ಅವನ ಕೈಯದೇ ಆಗಬೇಕು. ಬಿದಿರು ಹುಡುಗಾಟಕ್ಕೆ, ದೇವರಿಗೆ ತಡಸಲೇ ಎನ್ನುತ್ತಿದ್ದ. ಕತ್ತಾಳೆ ನಾರನ್ನು ಹೆದೆಗೆ ಹೊಸೆದು ಜೇನುಮೇಣ ತಿಕ್ಕುತ್ತಿದ್ದ. ಪಂಚೆಯೆಲ್ಲ ಅದರದೇ ವಾಸನೆ. ಹೊಸದಕ್ಕೆ ಬಾಚಿ ಹಾಕುವ ಮುಂಚೆ ಹಳೆಯ ಬಿಲ್ಲನ್ನು ಒಲೆಗಿಡುವುದು ಪದ್ಧತಿ. ಮರವನ್ನು ಬಡಿದು ಕೇಳಲು ನನಗೆ ಕಲಿಸಿದವನೂ ಅವನೇ. ಟಣ್ ಅಂದರೆ ಒಣಗಿದೆ, ದೊಪ್ ಅಂದರೆ ಹಸಿ.

ಭಾಗವಾದ ದಿನ ಅವನೇ ಬೀದಿಯಲ್ಲಿ ನಿಂತು, "ಮನೆ ಒಡೆದೋಳು ಇವಳೇ" ಎಂದು ನಮ್ಮವ್ವನತ್ತ ಕೈ ತೋರಿಸಿದ. ಅವ್ವ ಮೂರು ದಿನ ಮುದ್ದೆ ಮುಟ್ಟಲಿಲ್ಲ. ನನಗಾಗ ಹತ್ತು ವರ್ಷ. ಅವನ ಮುಖ ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಯುಗಾದಿ ಹತ್ತಿರ ಬಂತು. ಅವನಲ್ಲಿ ಬೇರೆ ಮರವಿರಲಿಲ್ಲ, ನಮ್ಮ ಹೊಸ್ತಿಲು ತುಳಿಯುವಂತೆಯೂ ಇರಲಿಲ್ಲ. ಹಿತ್ತಲಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ನನ್ನನ್ನು ಗೋಡೆಯಾಚೆಯಿಂದ ಕರೆದ.

"ಲೇ ಪುಟ್ಟಿ, ಅಟ್ಟದ ಮ್ಯಾಲಿಂದು ಬಡ್ದು ನೋಡೇ, ಒಣಗೈತೇನು? ಹಸಿ ಇದ್ರೆ ಬ್ಯಾಡ, ಈ ಸಲ ಹಳೇ ಬಿಲ್ಲಲ್ಲೇ ಮಾಡಾಣ."

ಹತ್ತಿ ಬಡಿದೆ. ದೊಪ್ ಅಂದಿತು. ಇಳಿದು ಬಂದು, "ಟಣ್ ಅಂತೈತೆ ದೊಡ್ಡಪ್ಪ" ಅಂದೆ.

"ಚೆನ್ನಾಗಿ ಕೇಳ್ದೇನೇ?"

"ಎಲ್ಡು ಸಲ ಬಡ್ದೆ."

ಊರವರು ಬಂದು ಕೇಳಿದ ಮೇಲೆ ಅಪ್ಪ ಸೀಳನ್ನು ಬೀದಿಗೆಸೆದ. "ತಗಂಡೋಗ್ಲಿ, ಅದೊಂದು ಕಡಿಮೆಯಾಗಿತ್ತು ಅವನಿಗೆ" ಎಂದ. ದೊಡ್ಡಪ್ಪ ನನ್ನ ಮಾತು ನಂಬಿ, ತಾನು ಬಡಿದು ನೋಡದೆ ಹಳೆಯ ಬಿಲ್ಲನ್ನು ಒಲೆಗಿಟ್ಟು ಹೊಸದಕ್ಕೆ ಬಾಚಿ ಹಾಕಿದ. ಮೊದಲ ಏಟಿಗೇ ಹಸಿ ಎಂದು ಗೊತ್ತಾಗಿರಬೇಕು. ಅಷ್ಟರಲ್ಲಿ ಹಳೆಯದು ಬೂದಿಯಾಗಿತ್ತು.

ದೇವರ ಮುಂದೆ ಬಾಣ ಹತ್ತು ಹೆಜ್ಜೆಯಾಚೆ ಬಿತ್ತು. ಹೆದೆ ಬಿಚ್ಚಿದರೂ ಬಿಲ್ಲು ನೆಟ್ಟಗಾಗದೆ ಕುಡುಗೋಲಿನಂತೆ ಬಾಗಿಯೇ ಉಳಿಯಿತು. ಅಪ್ಪ ಎಲ್ಲರೆದುರು ನಕ್ಕ. ಗೌಡರು, "ಏನಪ್ಪ ಇದು? ಹಸಿ ಮರ ತಂದೀಯಾ?" ಎಂದು ಕೇಳಿದರು. ದೊಡ್ಡಪ್ಪ ನನ್ನನ್ನೇ ನೋಡಿದ. ನಾನು ಅವ್ವನ ಸೆರಗು ಹಿಡಿದುಕೊಂಡೆ.

"ನಂದೇ ತಪ್ಪು ಕಣ್ರಿ. ಕಿವಿ ಕೆಟ್ಟೈತೆ ನಂದು," ಅಂದ.

ಮತ್ತೆ ಅವನು ಬಾಚಿ ಹಿಡಿಯಲಿಲ್ಲ. ಅವ್ವನಿಗೆ ಅಂದ ಮಾತನ್ನು ಸಾಯುವವರೆಗೂ ವಾಪಸು ತೆಗೆದುಕೊಳ್ಳಲೂ ಇಲ್ಲ. ಅವತ್ತೇ ಕೆನ್ನೆಗೆ ಎರಡು ಬಾರಿಸಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಅದಕ್ಕೂ ಅವನ ಮೇಲೆ ನನಗೆ ಸಿಟ್ಟಿದೆ.

ಈಗ ದೇವರ ಮುಂದೆ ಪಿವಿಸಿ ಪೈಪು ಬಾಗಿಸಿ, ನೈಲಾನ್ ಹಗ್ಗ ಬಿಗಿದು, ಚಿನ್ನದ ಬಣ್ಣ ಬಳಿದು ಇಡುತ್ತಾರೆ. ಊರ ಸುತ್ತ ತಡಸಲೂ ಇಲ್ಲ, ಅದನ್ನು ಗುರುತು ಹಿಡಿಯುವವರೂ ಇಲ್ಲ. ಕಿವಿ ಕೆಟ್ಟ ಮುದುಕನಿಂದ ಕಸುಬು ಹೋಯಿತು ಎಂದು ಈಗಲೂ ಆಡಿಕೊಳ್ಳುತ್ತಾರೆ. ಅಲ್ಲ ಎಂದು ಊರಲ್ಲಿ ಒಬ್ಬರಿಗೂ ನಾನು ಇನ್ನೂ ಹೇಳಿಲ್ಲ.