ಫೇರ್ ಕಾಪಿ ಅನಂತಮೂರ್ತಿ

ಫರೀದಾಬಾದಿನ ಕನ್ನಡದ ಮನೆಗಳಲ್ಲಿ ಅನಂತಮೂರ್ತಿಯವರಿಗೆ ಬೆನ್ನ ಹಿಂದೆ ಇದ್ದ ಹೆಸರು ಫೇರ್ ಕಾಪಿ. ದೆಹಲಿಯ ಸರ್ಕಾರಿ ಕಚೇರಿಗೆ ಗುಮಾಸ್ತರಾಗಿ ಸೇರಿ, ಸೆಕ್ಷನ್ ಆಫೀಸರಾಗಿ ನಿವೃತ್ತರಾದವರು. ಟೈಪ್ ಮಾಡಿದ ಹಾಳೆಯ ಕೊನೆಯ ಸಾಲಿನಲ್ಲಿ ಒಂದಕ್ಷರ ತಪ್ಪಿದ್ದರೂ ಅದರ ಮೇಲೆ ಬಿಳಿ ಬಳಿದು ತಿದ್ದುವುದು ಅವರಿಗೆ ಒಗ್ಗುತ್ತಿರಲಿಲ್ಲ. ಹಾಳೆ ಹರಿಯಬೇಕು, ಮೊದಲಿನಿಂದ ಮತ್ತೆ ಹೊಡೆಯಬೇಕು. ಕೈಕೆಳಗಿನವರು ಮನಸ್ಸಿನಲ್ಲೇ ಶಪಿಸುತ್ತಿದ್ದರೂ ಅವರ ಸೆಕ್ಷನ್ನಿನ ಕಾಗದ ಎಂದರೆ ಮೇಲಿನವರು ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದರು. ಆ ಹೆಮ್ಮೆ ಅವರನ್ನು ಮನೆಯ ತನಕ ಹಿಂಬಾಲಿಸಿತ್ತು.

ಮನೆಯಲ್ಲಿ ಹೆಂಡತಿ ರತ್ನಪ್ರಭಾ, ಮಗಳು ಧಾರಿಣಿ, ಜೊತೆಗೆ ಅಕ್ಕ ಸೀತಮ್ಮ. ಸೀತಮ್ಮ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು. ಧಾರಿಣಿಗೆ ಹೆತ್ತವಳಿಗಿಂತ ಈ ಅತ್ತೆಯ ಮಡಿಲೇ ಹೆಚ್ಚು. ಸೀತಮ್ಮನಿಗೆ ಓದು ಇಲ್ಲ, ಆದರೆ ದೆಹಲಿಯ ಸುತ್ತ ಎಲ್ಲಿ ಕನ್ನಡದವರ ಮದುವೆಯಾದರೂ ಉರುಟಣೆಯ ಹೊತ್ತಿಗೆ ಅವರನ್ನು ಕರೆದು ಕೂರಿಸುತ್ತಿದ್ದರು. ಗಂಡುಹೆಣ್ಣು ಒಬ್ಬರಿಗೊಬ್ಬರು ಅರಿಸಿನ ಹಚ್ಚುವಾಗ ಶುರುವಾದ ಹಾಡು ಬೀಗರನ್ನು ಗೇಲಿ ಮಾಡುವ ಹಾಡಿಗೆ ತಿರುಗಿದರೆ ಮುಗಿಯಿತು, ಚಪ್ಪರವೇ ನಗುತ್ತಿತ್ತು. ಕರೋಲ್ ಬಾಗಿನ ಒಂದು ಮದುವೆಯಲ್ಲಿ, ಊಟಕ್ಕೆ ಕೂತಾಗಲೂ ಮಫ್ಲರ್ ತೆಗೆಯದ ಗಂಡಿನ ಸೋದರಮಾವನ ಮೇಲೆ ಅಲ್ಲಿಯೇ ಪದ ಕಟ್ಟಿ, ಆತನೇ ಎದ್ದು ಬಂದು ಕೈಮುಗಿಯುವ ಹಾಗೆ ಮಾಡಿದ್ದರು.

ಧಾರಿಣಿಯ ಮದುವೆ ಮಾಘಕ್ಕೆ ನಿಶ್ಚಯವಾಯಿತು. ಆ ಬೇಸಗೆಯಲ್ಲೇ ಅತ್ತೆಯ ದನಿ ನಡುಗುವುದನ್ನು ಅವಳು ಗಮನಿಸಿದ್ದಳು.

“ಪಪ್ಪಾ, ಅತ್ತೆ ಹಾಡೆಲ್ಲ ರೆಕಾರ್ಡ್ ಮಾಡಿಬಿಡಿ. ಮದುವೆ ದಿನ ಗಲಾ ಬೈಠ್ ಗಯಾ ತೋ, ದನಿ ಕಟ್ಟಿಬಿಟ್ಟರೆ? ನನಗೆ ಅತ್ತೆ ಹಾಡೇ ಬೇಕು.” ಹೀಗೆಂದು ತನ್ನ ಹಳೆಯ ಲ್ಯಾಪ್‌ಟಾಪನ್ನು ಅಪ್ಪನಿಗೆ ಕೊಟ್ಟು, ಮೈಕು ಸಿಕ್ಕಿಸುವುದನ್ನೂ ತೋರಿಸಿಕೊಟ್ಟಳು.

ಅನಂತಮೂರ್ತಿಯವರಿಗೆ ನಿವೃತ್ತಿಯ ಮೇಲೆ ಒಂದು ಕಡತ ಸಿಕ್ಕಂತಾಯಿತು. ಕಿಟಕಿ ಮುಚ್ಚಿದರು. ಮೇ ತಿಂಗಳ ಸೆಕೆಯಲ್ಲಿ ಕೂಲರ್ ಆರಿಸಿದರು, ಮೇಲಿನ ಫ್ಯಾನನ್ನೂ ನಿಲ್ಲಿಸಿದರು. ಅಕ್ಕನ ಚಿನ್ನದ ಬಳೆ ಮೇಜಿಗೆ ತಾಗಿ ಸದ್ದಾಗಬಾರದೆಂದು ತಮ್ಮ ಉಣ್ಣೆ ಶಾಲನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟರು.

ಸೀತಮ್ಮ ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ಹಾಡು ಹದಕ್ಕೆ ಬರುತ್ತಿದ್ದ ಹಾಗೆ ಲ್ಯಾಪ್‌ಟಾಪಿನ ಒಳಗಿನ ಪುಟ್ಟ ಫ್ಯಾನು ಬುಸ್ಸೆಂದು ತಿರುಗತೊಡಗಿತು.

“ತಾಳಕ್ಕ, ತಾಳು. ಫ್ಯಾನ್ ಬಂತು.”

ಫ್ಯಾನು ನಿಂತ ಮೇಲೆ, “ಹ್ಞೂಂ, ನಿಲ್ಲಿಸಿದ ಕಡೆಯಿಂದ ಹೇಳು” ಎಂದರು.

“ಅದು ಹೇಗಪ್ಪ ಆಗುತ್ತೆ? ಹಾಡು ಅಂದರೆ ರೈಲಾ, ನಡುವಿನ ಸ್ಟೇಷನ್ನಲ್ಲಿ ಹತ್ತೋದಕ್ಕೆ? ಮೊದಲಿನಿಂದಲೇ ಬರಬೇಕು.”

ಮೊದಲಿನಿಂದ ಬಂದರು. ಅದೇ ಜಾಗಕ್ಕೆ ಬರುವ ಹೊತ್ತಿಗೆ ಮತ್ತೆ ಬುಸ್. ಅನಂತಮೂರ್ತಿ ಅಳಿಸಿದರು. ಮತ್ತೆ ಮೊದಲಿನಿಂದ. ಬೆವರು ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದ ರತ್ನಪ್ರಭಾ, “ರೀ, ಆ ಸದ್ದು ಇದ್ದರೆ ಇರಲಿ ಬಿಡಿ. ಮದುವೆ ಮನೇಲಿ ಇದಕ್ಕಿಂತ ಗಲಾಟೆ ಇರಲ್ವೇ?” ಎಂದರು.

“ಮಾಡೋದಾದರೆ ನೀಟಾಗಿ ಮಾಡಬೇಕು ಕಣೇ” ಎಂದರು ಅವರು.

ಹೀಗೇ ನಡೆಯುತ್ತಿದ್ದಾಗ ಒಂದು ಮಧ್ಯಾಹ್ನ ಫ್ಯಾನು ಬುಸುಗುಟ್ಟಿದ ಕೂಡಲೇ ಸೀತಮ್ಮ ತಮ್ಮನಿಗಿಂತ ಮೊದಲೇ ಬಾಯಿ ಬಿಟ್ಟರು. “ಬಂದಳಪ್ಪ ನಿನ್ನ ಬೀಗಿತ್ತಿ!” ಎಂದವರೇ ಅದೇ ಧಾಟಿಯಲ್ಲಿ ಎತ್ತಿಕೊಂಡರು:

“ಬೀಗಿತ್ತಿ ಬಂದಳು ಬುಸುಬುಸು ಎನ್ನುತ
ಬೀಸಣಿಗೆ ಹೊಟ್ಟೇಲಿ ಹೊತ್ತುಕೊಂಡು...”

ಪದದ ಮೇಲೆ ಪದ ಬಂತು. ಬೀಗಿತ್ತಿಗೆ ಮಜ್ಜಿಗೆ ಕೊಟ್ಟರೂ ತಂಪಿಲ್ಲ, ಮಂಚ ಕೊಟ್ಟರೂ ನಿದ್ದೆಯಿಲ್ಲ. ರತ್ನಪ್ರಭಾ ನಕ್ಕು ನಕ್ಕು ಗೋಡೆಗೆ ಒರಗಿದರು. ಧಾರಿಣಿ ನೆಲದ ಮೇಲೆ ಕೂತೇಬಿಟ್ಟಳು. ಅನಂತಮೂರ್ತಿಯೂ ನಕ್ಕರು. ನಕ್ಕು ಮುಗಿಸಿ, “ಚಲೋ, ಈಗ ಸರಿಯಾಗಿ ಹೇಳೋಣ” ಎಂದು ಅದನ್ನೂ ಅಳಿಸಿದರು.

ಆಮೇಲೆ ಅವರ ಹಟವೆಲ್ಲ ಆ ಫ್ಯಾನಿನ ಮೇಲೆ ತಿರುಗಿತು. ಫ್ಯಾನನ್ನು ಹಿಡಿತದಲ್ಲಿಡುವ ಪ್ರೋಗ್ರಾಮೊಂದು ಇದೆಯೆಂದು ತಿಳಿದು, ಮಗಳ ಕೈಲಿ ಹಾಕಿಸಿ, ಫ್ಯಾನು ತಿರುಗದ ಹಾಗೆ ನಿಲ್ಲಿಸಿಯೇಬಿಟ್ಟರು. ಆ ದಿನ ಸೀತಮ್ಮ ಮುಕ್ಕಾಲು ಹಾಡು ಹೇಳಿದರು. ಲ್ಯಾಪ್‌ಟಾಪು ದೋಸೆ ಕಾವಲಿಯಂತೆ ಕಾದು, ಪರದೆ ಕಪ್ಪಾಗಿ, ಹಾಡಿನ ಸಮೇತ ಆರಿಹೋಯಿತು. ಕರೋಲ್ ಬಾಗಿನ ರಿಪೇರಿ ಅಂಗಡಿಗೆ ಹೊತ್ತರು. ಅಂಗಡಿಯವನು ಒಳಗಿನ ಧೂಳು, ಜುಂಗು ತೆಗೆದು, ಒಳಗಿನ ಚಿಪ್‌ನ ಮೇಲೆ ಶಾಖ ಎಳೆಯುವ ಹೊಸ ಪೇಸ್ಟ್ ಬಳಿದು ಕೊಟ್ಟ. ಅಂಗಡಿಯ ಗಾಜಿನ ಮೇಜಿನ ಮೇಲೆ ಅದು ತುಟಿ ಪಿಟಕ್ಕೆನ್ನಲಿಲ್ಲ. ಮನೆಗೆ ತಂದು ಶಾಲಿನ ಮೇಲೆ ಇಟ್ಟರೆ ಮತ್ತೆ ಅದೇ ಬುಸ್.

“ಚಳಿಗಾಲ ಬರಲಿ ಅಕ್ಕ. ಆಗ ತಾನೇ ತಣ್ಣಗಿರುತ್ತೆ” ಎಂದರು. ಸೀತಮ್ಮ, “ಅಚ್ಛಾ” ಎಂದು ಎದ್ದು ಒಳಗೆ ಹೋದರು. ಎಂದೂ ಹಿಂದಿ ಆಡದ ಅಕ್ಕ ಹಾಗೆಂದದ್ದು ತಮಾಷೆಗೆ ಎಂದುಕೊಂಡರು ತಮ್ಮ.

ದೀಪಾವಳಿಗೆ ಮನೆ ಚೊಕ್ಕಟ ಮಾಡುವಾಗ ರತ್ನಪ್ರಭಾ ಚಳಿಗೆ ಬೇಕಾದೀತೆಂದು ಆ ಶಾಲನ್ನು ಎಳೆದು ಒಗೆಯಲು ಹಾಕಿದರು. ಲ್ಯಾಪ್‌ಟಾಪು ಬರಿಯ ಮರದ ಮೇಲೆ ಕೂತಿತು. ಅಂದು ಬೆಳಗಿನಿಂದ ಮದುವೆಯ ಕರೆಯೋಲೆ ಬರೆಯುತ್ತಿದ್ದ ಅನಂತಮೂರ್ತಿಗೆ ಮಧ್ಯಾಹ್ನದ ಹೊತ್ತಿಗೆ ಹೊಳೆಯಿತು, ಫ್ಯಾನು ಒಮ್ಮೆಯೂ ಕೂಗಿಲ್ಲ. ಎತ್ತಿ ತಿರುಗಿಸಿ ನೋಡಿದರು. ಅಡಿಯಲ್ಲಿ ಗಾಳಿ ಎಳೆದುಕೊಳ್ಳುವ ಸೀಳುಗಳು. ಒಂದೆರಡರಲ್ಲಿ ತಮ್ಮದೇ ಶಾಲಿನ ಬೂದು ಉಣ್ಣೆ ಇನ್ನೂ ಸಿಕ್ಕಿಕೊಂಡಿತ್ತು. ಸದ್ದಾಗಬಾರದೆಂದು ತಾವೇ ಹಾಸಿದ ಶಾಲು ಅದರ ಮೂಗು ಮುಚ್ಚಿತ್ತು.

ಶಾಲೆಯ ಹುಡುಗನ ಹಾಗೆ ಅಕ್ಕನ ಕೋಣೆಗೆ ಓಡಿದರು. “ಬಾಕ್ಕ, ಬಾ! ಬೀಗಿತ್ತಿ ಬಾಯಿ ಮುಚ್ಚಿದ್ದಾಳೆ!”

ಸೀತಮ್ಮ ಬಂದು ಕೂತರು. ಮೊದಲ ಚರಣ ಚೆನ್ನಾಗಿಯೇ ಬಂತು. ಎರಡನೆಯದೂ ಬಂತು. ಮುಂದಿನದಕ್ಕೆ ಬಾಯಿ ತೆರೆದವರು ಹಾಗೆಯೇ ತಡೆದು ತಮ್ಮನ ಮುಖ ನೋಡಿದರು. ಫ್ಯಾನು ಕೂಗಿರಲಿಲ್ಲ.

“ಹೇಳಕ್ಕ.”

“ಬರ್ತಾ ಇಲ್ಲ ಕಣೋ ಅನಂತು. ಆ ಜಾಗಕ್ಕೆ ಬಂದ ಕೂಡಲೇ ನೀನು ತಾಳು ಅಂತೀಯ ಅಂತ ಬಾಯಿ ತಾನೇ ನಿಂತುಬಿಡುತ್ತೆ. ಮುಂದಿಂದು ಏನೂಂತಲೇ ಹೊಳೀತಾ ಇಲ್ಲ.”

ಮತ್ತೆ ಮೊದಲಿನಿಂದ ಹೇಳಿ ನೋಡಿದರು. ಮತ್ತೆ ಅಲ್ಲಿಗೇ ನಿಂತಿತು.

ಮದುವೆಯ ದಿನ ಉರುಟಣೆಗೆ ಗಂಡಿನ ತಾಯಿಯೇ ಮುಂದೆ ಬಂದು, “ನಿಮ್ಮಿಂದ ಚೆನ್ನಾಗಿ ಬೈಸಿಕೊಳ್ಳೋಣ ಅಂತಲೇ ಬಂದಿದೀವಿ ಸೀತಮ್ಮನೋರೇ” ಎಂದು ನಕ್ಕರು. ಸೀತಮ್ಮ ಎತ್ತಿಕೊಂಡರು. ಹೆಂಗಸರು ಚಪ್ಪಾಳೆ ತಟ್ಟಿದರು. ಎರಡು ಚರಣ ಮುಗಿದು ಆ ಜಾಗ ಬಂದಾಗ ದನಿ ನಿಂತಿತು. ಅವರ ಕಣ್ಣು ಗುಂಪಿನಲ್ಲಿ ತಮ್ಮನನ್ನು ಹುಡುಕಿತು. ಅನಂತಮೂರ್ತಿ ಕಂಬದ ಮರೆಗೆ ಸರಿದರು. ಚಪ್ಪಾಳೆ ಸ್ವಲ್ಪ ಹೊತ್ತು ಬರಿದೇ ನಡೆದು ತಾನಾಗಿ ನಿಂತಿತು. ಅರಿಸಿನದ ಕೈ ಹಾಗೆಯೇ ಹಿಡಿದು ಕೂತಿದ್ದ ಧಾರಿಣಿ ತಲೆ ಎತ್ತಲಿಲ್ಲ. ಯಾರೋ ಸ್ಪೀಕರಿನಲ್ಲಿ ಸಿನಿಮಾ ಹಾಡು ಹಾಕಿದರು.

ಮಗಳು ಗಂಡನ ಮನೆಗೆ ಹೋದ ಮೇಲೆ ಅನಂತಮೂರ್ತಿ ಲ್ಯಾಪ್‌ಟಾಪಿನಲ್ಲಿ ಅಳಿಸದೆ ಉಳಿದಿದ್ದ ಒಂದೆರಡು ತುಂಡುಗಳನ್ನು ಕೇಳಿದರು. ಅಕ್ಕನ ಹಾಡು, ಹಿಂದೆ ಫ್ಯಾನಿನ ಸದ್ದು, ಒಡನೆಯೇ ತಮ್ಮ ಗಂಟಲು, “ತಾಳಕ್ಕ, ತಾಳು.” ಎಷ್ಟು ಕೇಳಿದರೂ ಫ್ಯಾನು ಅಕ್ಕನ ಒಂದಕ್ಷರವನ್ನೂ ಮುಚ್ಚಿರಲಿಲ್ಲ. ಹಾಡನ್ನು ಮುಚ್ಚಿದ್ದು ಅವರದೇ ದನಿ.

ಒಂದು ದಿನ ಧಾರಿಣಿ ಫೋನಿನಲ್ಲಿ ಕೇಳಿದಳು: “ಪಪ್ಪಾ, ಅತ್ತೆ ಫ್ಯಾನ್ ಮೇಲೆ ಹಾಡಿದ್ರಲ್ಲ, ವೋ ಹೈ ನಾ, ಇಟ್ಟಿದೀರಿ ತಾನೇ? ಇವರಿಗೆಲ್ಲ ಕೇಳಿಸ್ಬೇಕಿತ್ತು.”

“ನೋಡ್ತೀನಮ್ಮ” ಎಂದರು. ಅಳಿಸಿದೆ ಎನ್ನಲು ಬಾಯಿ ಬರಲಿಲ್ಲ.

ಸೀತಮ್ಮ ಬಾಲ್ಕನಿಯ ಎಳೆಬಿಸಿಲಿಗೆ ಬೆನ್ನು ಕೊಟ್ಟು ಬಟಾಣಿ ಸುಲಿಯುತ್ತಿದ್ದರು. ಅನಂತಮೂರ್ತಿ ಪಕ್ಕದಲ್ಲಿ ಕೂತು, ತಾವೂ ಒಂದು ಕಾಯಿ ಎತ್ತಿಕೊಂಡು, “ಅಕ್ಕ, ಆ ಬೀಗಿತ್ತಿ ಪದ ಇನ್ನೊಂದು ಸಲ ಹೇಳ್ತೀಯಾ? ಬುಸುಬುಸು ಎನ್ನುತ, ಬೀಸಣಿಗೆ ಹೊಟ್ಟೇಲಿ ಹೊತ್ತುಕೊಂಡು... ಆಮೇಲೆ?” ಎಂದರು.

“ಯಾವುದೋ? ಆ ಗಳಿಗೆಗೆ ಬಾಯಿಗೆ ಬಂದದ್ದು ಏನೋ ಅಂದಿರಬೇಕು. ಅದೆಲ್ಲ ಯಾರು ನೆನಪಿಟ್ಟುಕೊಳ್ತಾರೆ?” ಎಂದು ಸೀತಮ್ಮ ನಕ್ಕು, ತಮ್ಮನ ಕೈಯಲ್ಲಿದ್ದ ಕಾಯನ್ನು ತೆಗೆದುಕೊಂಡರು. “ಕೊಡಿಲ್ಲಿ, ನೀನು ಒಂದೊಂದು ಕಾಳೂ ಒರೆಸಿ ಇಡ್ತಾ ಕೂತರೆ ಸಂಜೆಯಾಗುತ್ತೆ.”